ಇಪ್ಪತ್ತೊಂದನೆಯ ಸಹಿ

ಮೊದಲ ಮಾತುಕತೆಯನ್ನು ಗೊತ್ತುಪಡಿಸಿಕೊಳ್ಳಲು ಮೂರು ವಾರ ಹಿಡಿಯಿತು. ನನ್ನ ಸಂಶೋಧನೆಗಾಗಿ ಬಡಾವಣೆಯ ನಿವಾಸಿಗಳ ಸಂಘಕ್ಕೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೆಯ ಪತ್ರವನ್ನು ಅಂಚೆಗೆ ಹಾಕದೆ, ಕೈಯಲ್ಲೇ ಹಿಡಿದು ಸಂಘದ ಕಟ್ಟಡಕ್ಕೆ ಹೋದೆ. ಬಾಗಿಲ ಪಕ್ಕದ ಮೇಜಿನ ಹಿಂದೆ ಅರವತ್ತು ದಾಟಿದ ಹೆಂಗಸೊಬ್ಬರು ಕುಳಿತಿದ್ದರು. ಮೂಗಿನ ತುದಿಗೆ ಜಾರಿದ ಕನ್ನಡಕದಲ್ಲಿ ಪತ್ರವನ್ನು ಓದಿ, ಮಡಿಸಿ, ನನಗೇ ಹಿಂದಿರುಗಿಸಿದರು.

“ಇದನ್ನ ಆಗಲೇ ಒಂದ್ಸಲ ಓದಿದೀನಿ. ಯಾರ ಜೊತೆ ಮಾತಾಡ್ಬೇಕು ಅಂತ ಬರೆದೇ ಇಲ್ವಲ್ಲ, ಅದಕ್ಕೇ ಯಾರಿಗೂ ಕೊಡ್ಲಿಲ್ಲ.”

“ಈ ಕಟ್ಟಡವನ್ನ ನಡೆಸೋರ ಜೊತೆ.”

“ನಡೆಸೋರು ಅಂತ ಯಾರೂ ಇಲ್ಲಪ್ಪ. ತೆಗೆಯೋಳು, ಹಾಕೋಳು ಒಬ್ಬಳಿದೀನಿ.”

ತೆಗೆಯುವುದು, ಹಾಕುವುದು ಎಂದರೆ ಬೀಗ. ಸಂಘದ ಕಾರ್ಯದರ್ಶಿಯೂ ಅವರೇ ಎಂಬುದು ಗೋಡೆಯ ಫಲಕವನ್ನು ಓದಿದಾಗ ತಿಳಿಯಿತು. ಮಾತಾಡಲು ಅವರು ಒಪ್ಪಿದರು. ಆದರೆ ಕಟ್ಟಡದೊಳಗೆ ಕುಳಿತು ಮಾತಾಡಬೇಕಾದರೆ ಕೋಣೆ ಬೇಕು, ಕೋಣೆ ಬೇಕಾದರೆ ಅರ್ಜಿ ಬೇಕು. ಅರ್ಜಿಯ ‘ಉದ್ದೇಶ’ ಎಂಬಲ್ಲಿ ‘ಮಾತುಕತೆ’ ಎಂದೂ, ‘ಯಾರೊಂದಿಗೆ’ ಎಂಬಲ್ಲಿ ‘ಕಾರ್ಯದರ್ಶಿಯವರೊಂದಿಗೆ’ ಎಂದೂ ತುಂಬಿದೆ. ಅವರು ಕೆಳಗೆ ಸಹಿ ಹಾಕಿ ಮೊಹರು ಒತ್ತಿದರು. “ಮಂಜೂರು ಮಾಡೋಳೂ ನಾನೇ, ಬಂದು ಕೂರೋಳೂ ನಾನೇ. ಈ ಸಂಘದಲ್ಲಿ ಇಷ್ಟು ಸಲೀಸಾಗಿ ಯಾವ ಕೆಲಸಾನೂ ಆಗಿದ್ದಿಲ್ಲ” ಎಂದರು. ಕೊಟ್ಟ ಸಮಯ ಮಂಗಳವಾರ ಒಂದೂಕಾಲರಿಂದ ಎರಡು ಗಂಟೆ. ಮಕ್ಕಳ ಕೋಣೆಯ ಮಕ್ಕಳು ಮಲಗಿರುವ ಹೊತ್ತು ಅದು. ದಿನದಲ್ಲಿ ಅವರ ಕೈ ಖಾಲಿ ಇರುವುದು ಅಷ್ಟೇ ಹೊತ್ತು.

2024ರ ನವೆಂಬರಿನ ಆ ಮಂಗಳವಾರದಿಂದ ಮರುವರ್ಷದ ಜುಲೈವರೆಗೆ ಹದಿನಾಲ್ಕು ಬಾರಿ ಕುಳಿತು ಮಾತಾಡಿದೆವು. ಅವರೊಬ್ಬರ ಮಾತನ್ನೇ ನೆಚ್ಚದೆ, ಸಂಘದ ಹಾಜರಿ ಪುಸ್ತಕಗಳನ್ನೂ ನಗರಸಭೆಯ ಕರಾರನ್ನೂ ಓದಿದ್ದೇನೆ. ಬೀದಿಯ ಇನ್ನೂ ಏಳು ಮಂದಿಯ ಹೇಳಿಕೆಗಳನ್ನು ಪಡೆದಿದ್ದೇನೆ. ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಬೀಗದಕ್ಕ ಎಂದು.

ಕಟ್ಟಡ ಒಂದೇ ಅಂತಸ್ತಿನದು. ಮುಂದೆ ಕಬ್ಬಿಣದ ಗೇಟು, ಅದರ ಹಿಂದೆ ದೊಡ್ಡ ಬಾಗಿಲು, ಒಳಗೆ ಸಭಾಂಗಣ. ಅದರ ಬಲಕ್ಕೆ ಮಕ್ಕಳ ಕೋಣೆ ಮತ್ತು ಹೊಲಿಗೆ ಕೋಣೆ. ಎಡಕ್ಕೆ ವಯಸ್ಸಾದವರು ಪತ್ರಿಕೆ ಓದುವ ಕೋಣೆ, ಅದರ ಮೂಲೆಯಲ್ಲಿ ಗುರುವಾರ ನರ್ಸಮ್ಮ ಬಂದಾಗ ತೆರೆಯುವ ಔಷಧಿ ಬೀರು. ಒಟ್ಟು ಏಳು ಬೀಗ, ಏಳು ಕೀಲಿ. ಒಂದೊಂದು ಕೀಲಿಯ ಹಿಡಿಗೂ ಬೇರೆ ಬೇರೆ ದಪ್ಪದ ದಾರ ಸುತ್ತಿದ್ದಾರೆ, ಬೆರಳಿಗೆ ತಾಗಿದರೇ ಯಾವುದೆಂದು ತಿಳಿಯಬೇಕು. ಬೆಳಿಗ್ಗೆ ಆರೂ ನಲವತ್ತಕ್ಕೆ ಗೇಟು ತೆಗೆಯುತ್ತಾರೆ. ಆರೂಮುಕ್ಕಾಲಿಗೆ ಕಾರ್ಖಾನೆಗೆ ಹೊರಟ ತಾಯಂದಿರು ನಿದ್ದೆಗಣ್ಣಿನ ಮಕ್ಕಳನ್ನು ತಂದು ಬಿಡುತ್ತಾರೆ. ಆ ಕೋಣೆಯಲ್ಲಿ ನಲವತ್ತೊಂದು ಮಕ್ಕಳಿದ್ದಾರೆ. ಒಂಬತ್ತಕ್ಕೆ ಮುದುಕರು, ಹನ್ನೊಂದಕ್ಕೆ ಹೊಲಿಗೆಯವರು. ಸಂಜೆ ಏಳಕ್ಕೆ ಕೊನೆಯ ಬೀಗ. ನಡುವೆ ನಲ್ಲಿ ಸೋರುವುದು, ಕಿಟಕಿ ಒಡೆಯುವುದು, ಪತ್ರಿಕೆಯ ನಡುಪುಟಕ್ಕಾಗಿ ಇಬ್ಬರು ಮುದುಕರು ಮುನಿಸಿಕೊಳ್ಳುವುದು.

“ಇಬ್ಬರಿಗೂ ಎಂಬತ್ತು. ಒಬ್ಬರಿಗೆ ಮೊದಲು ಕೊಟ್ರೆ ಇನ್ನೊಬ್ಬರು ಎರಡು ದಿನ ಮಾತಾಡಲ್ಲ. ಅದಕ್ಕೇ ನಡುಪುಟ ಹರಿದು ಅರ್ಧರ್ಧ ಕೊಡ್ತೀನಿ. ಓದಿದ್ದು ಇಬ್ಬರಿಗೂ ಅರ್ಥ ಆಗಲ್ಲ, ಜಗಳಾನೂ ಇಲ್ಲ” ಎಂದರು ಬೀಗದಕ್ಕ.

ಕಟ್ಟಡ ನಗರಸಭೆಯದು. ಸಂಘಕ್ಕೆ ಅದನ್ನು ಬಿಟ್ಟುಕೊಟ್ಟ ಕರಾರಿನಲ್ಲಿ, ಬೀಗದ ಕೈಗೆ ಒಬ್ಬರೇ ಹೊಣೆಗಾರರು, ಅವರು ಸಂಘದ ಚುನಾಯಿತ ಕಾರ್ಯದರ್ಶಿ ಎಂದಿದೆ. ಹೊಣೆಗಾರರು ನಲವತ್ತೆಂಟು ಗಂಟೆ ಮೀರಿ ಊರು ಬಿಟ್ಟರೆ, ಅಥವಾ ಆ ಸ್ಥಾನ ಕ್ರಮಬದ್ಧವಾಗಿ ತುಂಬದಿದ್ದರೆ, ನಗರಸಭೆ ಕಟ್ಟಡಕ್ಕೆ ಮೊಹರು ಹಾಕಿ ಹಿಂದಕ್ಕೆ ಪಡೆಯುತ್ತದೆ. ಇದು ಬರಿಯ ಬೆದರಿಕೆಯಲ್ಲ. ನಾಲ್ಕು ಬೀದಿಯಾಚೆಯ ಬಡಾವಣೆಯಲ್ಲಿ ಕಾರ್ಯದರ್ಶಿಯ ಆಯ್ಕೆಯ ಬಗ್ಗೆ ಒಬ್ಬ ಸದಸ್ಯ ತಕರಾರು ಬರೆದ. ಎಣಿಕೆ ತಪ್ಪೆಂದು ತೀರ್ಮಾನವಾಯಿತು. ಅವರ ಕಟ್ಟಡದ ಬಾಗಿಲ ಮೇಲೆ ಮೂರು ವರ್ಷದಿಂದ ಅರಗಿನ ಮೊಹರಿದೆ. ಕಿಟಕಿಗೆ ಹಣೆ ಒತ್ತಿ ನೋಡಿದರೆ ಅರ್ಧಕ್ಕೆ ಬಿಟ್ಟ ಕೇರಂ ಆಟ ಧೂಳು ಮುಚ್ಚಿಕೊಂಡು ಹಾಗೆಯೇ ಇದೆ. ಇದನ್ನು ನಾನೂ ನೋಡಿ ಬಂದೆ.

ಬೀಗದಕ್ಕನ ತಾಯಿ ತೀರಿಕೊಂಡಾಗ ಅವರಿಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೆರಡು. ತಂಗಿಯನ್ನು ಸೊಂಟದ ಮೇಲೆ ಹೊತ್ತೇ ಅಕ್ಕ ಅಡುಗೆ ಕಲಿತರು. ತಂದೆ ದರ್ಜಿಯ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಮನೆಯಲ್ಲಿ ಒಡೆದ ಗುಂಡಿಗಳ ಡಬ್ಬಿಯೊಂದಿತ್ತು. ಎಣಿಕೆ ಕಲಿತದ್ದು ಆ ಡಬ್ಬಿಯಿಂದ. ಹತ್ತೊಂಬತ್ತೇ ಗುಂಡಿ ಇದ್ದ ಒಂದು ದಿನ, ಇಪ್ಪತ್ತು ಆಗಲೇಬೇಕೆಂದು ತಂಗಿ ಒಂದು ಗುಂಡಿಯನ್ನು ಎರಡು ಸಲ ಎಣಿಸಿದಳು. ಅಕ್ಕ ಬೆರಳ ಗಿಣ್ಣಿಗೆ ಒಂದು ಕೊಟ್ಟು, “ಇರೋದನ್ನ ಎಣಿಸು, ಬೇಕಾದ್ದನ್ನಲ್ಲ” ಅಂದರು. ಐವತ್ತೆಂಟು ವರ್ಷದ ಹಿಂದಿನ ಪೆಟ್ಟನ್ನು ಹೇಳುವಾಗ ಬೀಗದಕ್ಕ ಆ ಗಿಣ್ಣನ್ನು ಉಜ್ಜಿಕೊಂಡರು.

ಮುಂದೆ ಆಸ್ಪತ್ರೆಯೊಂದರ ಬಟ್ಟೆ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದರು. ಹೋದ ಹಾಸು, ಬಂದ ಹಾಸು, ಹರಿದದ್ದು, ಕಾಣೆಯಾದದ್ದು ಎಲ್ಲದರ ಎಣಿಕೆ ಅವರದು. ಬಸ್ ಚಾಲಕರಾಗಿದ್ದ ಗಂಡ ಏಳು ವರ್ಷದ ಹಿಂದೆ ತೀರಿಕೊಂಡರು. ಮಕ್ಕಳಿಲ್ಲ. ಅಕ್ಕ ಮದುವೆಯಾಗಿ ಹೋದ ಊರು ಸಮುದ್ರದ ಕಡೆ, ರೈಲಿನಲ್ಲಿ ಇಪ್ಪತ್ತಾರು ಗಂಟೆಯ ದಾರಿ. ಅಕ್ಕತಂಗಿ ಕೊನೆಯದಾಗಿ ಮುಖ ನೋಡಿಕೊಂಡದ್ದು ಆ ಸಾವಿನ ಮನೆಯಲ್ಲಿ. ಅಕ್ಕ ಈಗ ಮಗಳ ಮನೆಯ ಎರಡನೇ ಮಹಡಿಯಲ್ಲಿದ್ದಾರೆ. ಸೊಂಟದ ಮೂಳೆ ಮುರಿದ ಮೇಲೆ ಮೆಟ್ಟಿಲು ಇಳಿದಿಲ್ಲ. ದಿನವೂ ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ ಸಂಘದ ದೂರವಾಣಿಗೆ ಕರೆ ಮಾಡುತ್ತಾರೆ. ಮೊದಲ ಪ್ರಶ್ನೆ ಯಾವತ್ತೂ ಒಂದೇ: “ಏನೇ, ತೆಗೆದ್ಯಾ, ಹಾಕಿದ್ಯಾ?” ಅಕ್ಕನ ದನಿ ದೊಡ್ಡದು, ಮೇಜಿನ ಈಚೆ ಕುಳಿತವರಿಗೂ ಕೇಳುತ್ತದೆ.

ಮೂರು ವರ್ಷದ ಹಿಂದೆ ಒಂದು ಕರೆಯಲ್ಲಿ ಅಕ್ಕ, ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡದ್ದನ್ನು ನಗುತ್ತಾ ಹೇಳಿದರು. ಮುಂದಿನ ವಾರ ಲೋಟ ಉರುಳಿತು. ಕಣ್ಣಿನ ನರ ಒಣಗುತ್ತಿದೆ ಎಂದರು ವೈದ್ಯರು. ನೋಟ ಅಂಚಿನಿಂದ ಮುಚ್ಚಿಕೊಂಡು ಬರುತ್ತದೆ, ಕೊನೆಗೆ ನಡುವಿನದೂ ಹೋಗುತ್ತದೆ. ಔಷಧಿ ಅದನ್ನು ನಿಧಾನಿಸಬಲ್ಲದು, ತಡೆಯಲಾರದು. “ಈಗ ಬಳೆಯ ಒಳಗಿಂದ ನೋಡಿದ ಹಾಗೆ ಕಾಣುತ್ತೆ ಕಣೇ. ಮುಂದೆ ಉಂಗುರ ಆಗುತ್ತಂತೆ. ಉಂಗುರದಲ್ಲಾದ್ರೂ ನಿನ್ನ ಮುಖ ಹಿಡಿಸುತ್ತೆ, ಬಂದ್ಬಿಡು. ಇಲ್ಲೇ ಇರು. ಕೋಣೆ ಖಾಲಿ ಇದೆ.” ಮಗಳ ಮೊಬೈಲಿನಲ್ಲಿ ಮುಖ ತೋರಿಸುವ ಪ್ರಯತ್ನವೂ ನಡೆಯಿತು. “ಆ ಬೆರಳಗಲದಲ್ಲಿ ನೀನು ಯಾರೋ ಗುಮಾಸ್ತೆ ಥರ ಕಾಣ್ತೀಯ, ಬೇಡ” ಎಂದರಂತೆ ಅಕ್ಕ.

ಬೀಗದಕ್ಕ ಅಂದೇ ರಾಜೀನಾಮೆ ಬರೆದರು. ಅವರ ಜಾಗಕ್ಕೆ ಬರಲು ಹೊಲಿಗೆ ಕೋಣೆಯ ಟೈಲರಮ್ಮ ಸಿದ್ಧರಿದ್ದರು. ಹದಿನೈದು ವರ್ಷದಿಂದ ಅಲ್ಲೇ ಪಾಠ ಹೇಳುವವರು, ಏಳೂ ಕೀಲಿಯ ದಾರ ಸುತ್ತಿಕೊಟ್ಟವರು. ಬೇಕಾಗಿದ್ದದ್ದು ಒಂದು ಸಭೆ. ಆ ಸಭೆಯೇ ನಡೆಯಲಿಲ್ಲ. ಏಕೆ ನಡೆಯಲಿಲ್ಲ ಎಂಬುದಕ್ಕೆ ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಕಾರ್ಯದರ್ಶಿಯಾಗಿದ್ದವನು ಒಬ್ಬ ಗುತ್ತಿಗೆದಾರ. ಸಭಾಂಗಣದಲ್ಲಿ ಸಿಮೆಂಟು ಚೀಲ ಪೇರಿಸಿ, ಅದನ್ನೇ ಉಗ್ರಾಣ ಮಾಡಿಕೊಂಡಿದ್ದ. ವರ್ಷಕ್ಕೊಮ್ಮೆ ತನ್ನವರು ಐದಾರು ಜನರನ್ನು ಕರೆದು, ತನ್ನನ್ನೂ ಎಣಿಸಿಕೊಂಡು, ಬಾರದವರ ಹೆಸರಿನಲ್ಲಿ ಚೀಟಿ ತೋರಿಸಿ, ತಾನೇ ಆಯ್ಕೆಯಾಗುತ್ತಿದ್ದ. ಅವನನ್ನು ಇಳಿಸಿದ್ದು ಬೀಗದಕ್ಕ. ಮನೆಮನೆ ಸುತ್ತಿ ಅರವತ್ತು ಜನರನ್ನು ಒಂದು ಭಾನುವಾರ ಸಭಾಂಗಣಕ್ಕೆ ತಂದರು, ಸಿಮೆಂಟು ಚೀಲದ ಮೇಲೆ ಕೂರಿಸಿದರು. ಇಂಥವನು ಮತ್ತೆ ಬರಬಾರದೆಂದು, ಆಸ್ಪತ್ರೆಯ ಬಟ್ಟೆ ಪಟ್ಟಿಯ ಹಿಂಬದಿಯಲ್ಲಿ ಹೊಸ ನಿಯಮವನ್ನು ತಾವೇ ಬರೆದರು. ಇಪ್ಪತ್ತೊಂದು ಸದಸ್ಯರು ಸ್ವತಃ ಬಂದು, ಹನ್ನೊಂದು ಗಂಟೆಯೊಳಗೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದರೆ ಮಾತ್ರ ಸಭೆ. ಚೀಟಿ ನಡೆಯದು. ಅಧಿಕಾರದಲ್ಲಿರುವ ಕಾರ್ಯದರ್ಶಿಯ ಸಹಿ ಎಣಿಕೆಗೆ ಬಾರದು. ಬೀಗದ ಕೈ ಕೈ ಬದಲಾಗುವುದು ಆ ಸಭೆಯಲ್ಲಿ ಮಾತ್ರ. ಜನ ಸಾಲದೆ ಸಭೆ ಬಿದ್ದುಹೋದರೆ ಆರು ತಿಂಗಳವರೆಗೆ ಮತ್ತೆ ಕರೆಯುವ ಹಾಗಿಲ್ಲ. ಗುತ್ತಿಗೆದಾರ ವಾರಕ್ಕೊಂದು ಸಭೆ ಕರೆದು ಜನರನ್ನು ದಣಿಸುತ್ತಿದ್ದ, ಅದಕ್ಕೆ ಮದ್ದು ಇದು. ನಿಯಮ ತಿದ್ದಬೇಕಾದರೂ ಅದೇ ಇಪ್ಪತ್ತೊಂದು ಜನ ಬೇಕು. ನಗರಸಭೆ ಈ ನಿಯಮವನ್ನು ಮೆಚ್ಚಿ ಕರಾರಿಗೆ ಲಗತ್ತಿಸಿಕೊಂಡಿತು.

“ಎಂಥಾ ಬೋನು ಮಾಡಿದ್ದೆ ಗೊತ್ತಾ! ಇಲಿ ಒಂದು ಸಲ ನುಗ್ಗಿದ್ರೆ ಮುಗೀತು. ಇಲಿ ಹೊರಗೇ ಉಳೀತು, ಒಳಗಡೆ ನಾನಿದೀನಿ” ಎಂದರು ನಾಲ್ಕನೆಯ ಭೇಟಿಯಲ್ಲಿ.

ಸಂಘದಲ್ಲಿ ತೊಂಬತ್ತನಾಲ್ಕು ಸದಸ್ಯರಿದ್ದಾರೆ. ರಾಜೀನಾಮೆಯ ನಂತರ ಎರಡು ವರ್ಷದಲ್ಲಿ ಐದು ಸಭೆ ಕರೆದರು. ಬಂದವರು ಹನ್ನೊಂದು, ಹದಿನಾಲ್ಕು, ಒಂಬತ್ತು, ಹದಿಮೂರು, ಹನ್ನೆರಡು. ಪುಸ್ತಕ ತೆಗೆಯದೆಯೇ ಹೇಳಿದರು. ಆಮೇಲೆ ತೆಗೆದು ನೋಡಿದೆ, ಒಂದೂ ತಪ್ಪಿರಲಿಲ್ಲ.

ಇಲ್ಲಿ ಸಂಶೋಧಕನಾದ ನನ್ನ ಮೊದಲ ಊಹೆ ಜನರ ಉದಾಸೀನವೆಂದೇ ಆಗಿತ್ತು. ಅದು ತಪ್ಪೆಂದು ತಿಳಿದದ್ದು ಗೇಟಿನ ಎದುರಿನ ಕ್ಷೌರದಂಗಡಿಯಲ್ಲಿ, ಜನವರಿಯ ಒಂದು ಬೆಳಿಗ್ಗೆ. ಕುರ್ಚಿಯ ಮೇಲೆ ಸಂಘದ ಅಧ್ಯಕ್ಷರು ಕುಳಿತಿದ್ದರು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಅವರನ್ನು ಎಲ್ಲರೂ ಲೈನ್‌ಮನ್ ತಾತ ಎನ್ನುತ್ತಾರೆ. ಸಭೆಗೆ ಏಕೆ ಹೋಗುವುದಿಲ್ಲವೆಂದು ಅಂಗಡಿಯವನನ್ನು ಕೇಳಿದೆ.

“ಹೋದ್ರೆ ಅವರು ಹೋಗ್ಬಿಡ್ತಾರೆ ಸಾರ್” ಎಂದ, ಕತ್ತರಿ ನಿಲ್ಲಿಸದೆ.

“ನಾಚಿಕೆಗೇಡಿ” ಎಂದರು ತಾತ. “ನಾನು ಗಂಟಲು ಹರ್ಕೊಂಡು ಖಾಲಿ ಕುರ್ಚಿಗಳಿಗೆ ಸುಸ್ವಾಗತ ಹೇಳ್ಬೇಕು. ಐದು ಸಲ ಹೇಳಿದೀನಿ. ಕುರ್ಚಿಗಳಿಗೂ ಬಾಯಿಪಾಠ ಆಗಿದೆ.”

“ತಲೆ ಆಡಿಸ್ಬೇಡಿ ತಾತ. ಕಿವಿ ನಿಮ್ದು, ಕತ್ತರಿ ನಂದು.” ಆಮೇಲೆ ನನ್ನ ಕಡೆ ತಿರುಗಿ, “ನಮ್ಮಪ್ಪ ಕೊನೇ ಎರಡು ವರ್ಷ ಆ ಪತ್ರಿಕೆ ಕೋಣೇಲೇ ಕಳೆದ್ರು. ಅಪ್ಪನಿಗೆ ರಸ್ತೆ ದಾಟೋಕೆ ಭಯ. ಬೀಗದಕ್ಕ ದಿನಾ ಬಂದು ಕೈ ಹಿಡಿದು ದಾಟಿಸ್ತಿದ್ರು. ಒಂದು ದಿನ ತಪ್ಪಿಸ್ಲಿಲ್ಲ. ಅಂಥೋರನ್ನ ನಾನು ಸಹಿ ಹಾಕಿ ಊರಿಂದ ಕಳಿಸ್ಲಾ? ಕೈ ಬರುತ್ತಾ ಸಾರ್? ನಾನು ಹೀಗಂದೆ ಅಂತ ಅವರಿಗೆ ಹೇಳ್ಬೇಡಿ” ಎಂದ.

ಆ ತಿಂಗಳು ಬೇರೆ ಬೇರೆ ಮನೆಗಳಲ್ಲಿ ಇದೇ ಮಾತನ್ನು ಇನ್ನೂ ನಾಲ್ವರು ಹೇಳಿದರು. ಯಾರೂ ಯಾರೊಂದಿಗೂ ಸೇರಿ ಮಾಡಿದ ಸಂಚು ಅದಲ್ಲ. ಪ್ರತಿಯೊಬ್ಬರೂ, ಬಾರದೆ ಉಳಿದವರು ತಾವೊಬ್ಬರೇ ಎಂದುಕೊಂಡಿದ್ದರು. ಅದೇ ಮನೆಗಳಿಂದ ಬೀಗದಕ್ಕನ ಕುರ್ಚಿಗೆ ಮೆತ್ತೆ ಬಂದಿತ್ತು, ಮೇಜಿಗೆ ಫ್ಯಾನು ಬಂದಿತ್ತು, ಕಾಲು ನೋವೆಂದಾಗ ಕಾಲಡಿಗೆ ಮಣೆ ಬಂದಿತ್ತು. ಎಲ್ಲವೂ ಅವರು ಇನ್ನಷ್ಟು ಹೊತ್ತು ಕುಳಿತಿರಲು ಅನುಕೂಲವಾದ ವಸ್ತುಗಳೇ.

ಹೇಳಿಕೆ ಕೊಟ್ಟವರ ಮಾತನ್ನು ನಾನು ಬೀಗದಕ್ಕನಿಗೆ ಮುಟ್ಟಿಸಲಿಲ್ಲ. ಮುಟ್ಟಿಸುವ ಅಗತ್ಯವೂ ಇರಲಿಲ್ಲ. “ಗೊತ್ತಿಲ್ದೆ ಏನು? ಮೂವತ್ತೊಂದು ವರ್ಷ ಹಾಸು ಎಣಿಸಿದೋಳು ನಾನು. ಕಡಿಮೆ ಬಿದ್ದದ್ದು ಎಲ್ಲಿ ಹೋಯ್ತು ಅಂತ ಹುಡುಕೋದೇ ಕೆಲಸ. ಬೈದು ಓಡಿಸಿದ್ರೆ ಎದ್ದು ಹೋಗ್ಬಹುದಿತ್ತು. ಹೀಗೆ ಪ್ರೀತಿ ಮಾಡ್ತಾ ಕೂತ್ರೆ ಬಾಗಿಲು ಯಾವ ಕಡೆ ಅಂತ ಹುಡುಕ್ಲಿ? ನುಂಗೋಕೂ ಆಗ್ದು, ಉಗಿಯೋಕೂ ಆಗ್ದು.”

ಸುಮ್ಮನೆ ಹೊರಟುಬಿಡುವ ಯೋಚನೆ ಬಂದಿರಲಿಲ್ಲವೆ ಎಂದು ಕೇಳಿದೆ. ಬಂದಿತ್ತು. ಹಿಂದಿನ ವರ್ಷ ಎರಡು ದಿನದ ರಜೆ ಬರೆದು, ಕೀಲಿಗಳನ್ನು ಟೈಲರಮ್ಮನಿಗೆ ತಾತ್ಕಾಲಿಕವಾಗಿ ಕೊಟ್ಟು, ಚೀಲ ಹಿಡಿದು ರೈಲು ನಿಲ್ದಾಣಕ್ಕೆ ಹೋದರು. ವೇಳಾಪಟ್ಟಿಯ ಕೆಳಗೆ ನಿಂತು ಲೆಕ್ಕ ಹಾಕಿದರು. ಹೋಗಲು ಇಪ್ಪತ್ತಾರು, ಬರಲು ಇಪ್ಪತ್ತಾರು. “ಅಕ್ಕನ ಮನೆ ಹೊಸ್ತಿಲು ಮುಟ್ಟಿ ಹಾಗೇ ತಿರುಗಿದ್ರೂ ನಾಲ್ಕು ಗಂಟೆ ತಡ. ರೈಲು ಬಂತು. ಎದುರಿಗೇ ನಿಂತಿತ್ತು. ನನಗೆ ಕಂಡದ್ದು ಆ ಕೇರಂ ಬೋರ್ಡು. ನಲವತ್ತೊಂದು ಮಕ್ಕಳು ಆರೂಮುಕ್ಕಾಲಿಗೆ ಬಂದು ಮೊಹರು ಹಾಕಿದ ಬಾಗಿಲ ಮುಂದೆ ನಿಂತ್ರೆ? ವಾಪಸ್ ಬಂದೆ. ಮಧ್ಯಾಹ್ನ ಮೂರಕ್ಕೆ ಮೇಜಿನ ಹತ್ರ ಇದ್ದೆ.” ಆ ದಿನ ಅಕ್ಕನಿಗೆ ಏನೂ ಹೇಳಲಿಲ್ಲವಂತೆ. ಅಕ್ಕ ತಾವಾಗಿಯೇ, “ಯಾಕೆ ಉಸಿರು ಬಿಡ್ತಾ ಇದೀಯ, ಎಲ್ಲಿಂದ ಓಡಿ ಬಂದೆ? ಮನೆಗೆ ಮಾರಿ, ಊರಿಗೆ ಉಪಕಾರಿ” ಎಂದರಂತೆ.

ಒಂದು ಸಂಗತಿಯನ್ನು ಮಾತ್ರ ಬೀಗದಕ್ಕ ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಕ್ಕನ ಕಣ್ಣಿನ ವಿಷಯ ಅದು. ವಿಶ್ರಾಂತಿ ಬೇಕೆಂದೇ ರಾಜೀನಾಮೆಯಲ್ಲಿ ಬರೆದಿದ್ದರು. ಮರುಕದಿಂದ ಬಿದ್ದ ಸಹಿ ಅವರಿಗೆ ಬೇಡವಾಗಿತ್ತು. ಮೂರರ ಕರೆಗಳಲ್ಲಿ ಅಕ್ಕನ ದೊಡ್ಡ ದನಿ ಕೇಳಿಯೇ ಅದನ್ನು ತಿಳಿದಿದ್ದ ಟೈಲರಮ್ಮ, ಫೆಬ್ರುವರಿಯಲ್ಲಿ ಬೀಗದಕ್ಕನ ಎದುರು ಕುಳಿತು ಸೂಜಿಯಂತೆ ಚುಚ್ಚಿದರು. ಆಗ ನಾನೂ ಅಲ್ಲಿದ್ದೆ.

“ಅಕ್ಕ, ನಿಮ್ಮ ಮರ್ಯಾದೆ ದೊಡ್ಡದೋ, ನಿಮ್ಮಕ್ಕನ ಕಣ್ಣು ದೊಡ್ಡದೋ?”

“ಅದು ಮನೆ ವಿಷಯ ಕಣೇ.”

“ನಲವತ್ತೊಂದು ಮಕ್ಕಳ ಮೂಗು ಒರೆಸೋದು ಯಾರ ಮನೆ ವಿಷಯ? ಊರವರ ಮನೆ ವಿಷಯ ಎಲ್ಲಾ ನಿಮ್ಮ ಮೇಜಿನ ಮೇಲೆ, ನಿಮ್ಮದು ಮಾತ್ರ ಪೆಟ್ಟಿಗೇಲಿ. ಹೇಳಿ. ಹೇಳ್ದಿದ್ರೆ ನಾನೇ ಹೇಳ್ತೀನಿ, ಮತ್ತೆ ನಾನು ಹೇಳಿದ್ರೆ ಒಂದಕ್ಕೆರಡು ಸೇರಿಸಿ ಹೇಳ್ತೀನಿ.”

ಆ ಬೆದರಿಕೆ ಕೆಲಸ ಮಾಡಿತು. ಒಂದಕ್ಕೆರಡು ಸೇರುವುದನ್ನು ಬೀಗದಕ್ಕ ಸಹಿಸರು. ಮಾರ್ಚ್ ಒಂಬತ್ತರ ಸಭೆಯ ಸೂಚನಾಪತ್ರವನ್ನು ಹಿಡಿದು, ಎಂಟು ದಿನ, ಸಂಜೆ ಬೀಗ ಹಾಕಿದ ಮೇಲೆ ಉಳಿದ ತೊಂಬತ್ತಮೂರು ಸದಸ್ಯರ ಮನೆಗೂ ಹೋದರು. ಪ್ರತಿ ಬಾಗಿಲಲ್ಲೂ ಒಂದೇ ಮಾತು ಹೇಳಿದರು: “ನಮ್ಮಕ್ಕನ ಕಣ್ಣು ಹೋಗ್ತಾ ಇದೆ. ಹೋಗೋಕೆ ಮುಂಚೆ ನನ್ನ ಮುಖ ನೋಡ್ಬೇಕಂತೆ. ನಾನು ಹೋಗ್ಬೇಕು. ನೀವು ಬಂದು ಸಹಿ ಹಾಕ್ಬೇಕು.” ಹೆಂಗಸರು ಅತ್ತರು. ಪತ್ರಿಕೆ ಕೋಣೆಯ ಮುದುಕರಿಬ್ಬರು ಒಟ್ಟಿಗೆ ಬಂದು ಮಾತು ಕೊಟ್ಟರು. ಕ್ಷೌರದಂಗಡಿಯವನು ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡು, “ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಕ್ಕ? ಮೊದಲನೇ ಸಹಿ ನಂದೇ” ಎಂದ. ಬೀಗದಕ್ಕ ರೈಲಿನ ಚೀಟಿ ಕೊಂಡರು. ಮಾರ್ಚ್ ಹನ್ನೊಂದರ ಮಂಗಳವಾರದ್ದು, ಬರಿ ಹೋಗುವುದಕ್ಕೆ.

ಸಭೆಯ ದಿನ ಹತ್ತೂವರೆಗೆ ಹಾಜರಿ ಪುಸ್ತಕ ತೆರೆಯಿತು. ಮೊದಲ ಸಹಿ ಲೈನ್‌ಮನ್ ತಾತನದು, ಎರಡನೆಯದು ಟೈಲರಮ್ಮನದು. ಮುದುಕರಿಬ್ಬರು ಬಂದರು. ಹೊಲಿಗೆಯ ಆರು ಹೆಂಗಸರು ಒಟ್ಟಾಗಿ ಬಂದಾಗ ಹಾಲ್ ತುಂಬಿದಂತೆ ಕಂಡಿತು. ಹತ್ತೂ ಐವತ್ತೆರಡಕ್ಕೆ ಎಣಿಕೆ ಹತ್ತೊಂಬತ್ತು. ಅಷ್ಟು ಜನ ಆ ಸಭಾಂಗಣದಲ್ಲಿ ಸಭೆಗೆಂದು ಕೂತು ವರ್ಷಗಳಾಗಿದ್ದವು. ಎಲ್ಲರೂ ಜೋರಾಗಿ ಮಾತಾಡುತ್ತಿದ್ದರು. ಹತ್ತೂ ಐವತ್ತೆಂಟಕ್ಕೆ ಒಬ್ಬ ತಾಯಿ ಕಂಕುಳಲ್ಲಿ ಮಗುವಿನೊಂದಿಗೆ ಓಡಿ ಬಂದು ಸಹಿ ಹಾಕಿದಳು. ಇಪ್ಪತ್ತು. ಎಲ್ಲರೂ ಗೇಟಿನ ಕಡೆ ನೋಡಿದರು.

ಗೋಡೆಯ ಗಡಿಯಾರ ಹನ್ನೊಂದು ತೋರಿಸಿತು.

“ನೀನೇ ಒಂದು ಹಾಕಮ್ಮ” ಎಂದರು ತಾತ ಮೆಲ್ಲಗೆ. “ಇಲ್ಲಿರೋರು ಯಾರು ಕೇಳ್ತಾರೆ?”

“ನಾಲ್ಕು ಬೀದಿ ಆಚೆ ಕೂಡ ಹಾಗೇ ಅಂದಿದ್ರು ತಾತ. ಒಬ್ಬ ಕೇಳಿದ.”

“ಐದೇ ನಿಮಿಷ ಅಕ್ಕ. ಗಡಿಯಾರ ಮುಂದಿದೆ ಅಂತ ಬರೆಯೋಣ” ಎಂದರು ಟೈಲರಮ್ಮ.

“ಮುಂದಿಲ್ಲ. ಬೆಳಿಗ್ಗೆ ನಾನೇ ಸರಿಮಾಡಿದೀನಿ.”

ಅವರು ಇಪ್ಪತ್ತನೆಯ ಸಹಿಯ ಕೆಳಗೆ ಅಡಿಪಟ್ಟಿ ಇಟ್ಟು ಗೆರೆ ಎಳೆದರು. ಗೆರೆ ನೇರವಾಗಿಯೇ ಇದೆ. ಪುಸ್ತಕ ಮುಚ್ಚಿದರು. ಯಾರೂ ಏಳಲಿಲ್ಲ.

ಹನ್ನೊಂದೂ ಇಪ್ಪತ್ತಕ್ಕೆ ಕ್ಷೌರದಂಗಡಿಯವನು ಬಂದ. ಒಗೆದ ಅಂಗಿ, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ದೊಡ್ಡ ಪೆಟ್ಟಿಗೆ. ಬಾಗಿಲಲ್ಲೇ ನಿಂತು, “ಮುಗೀತಾ? ಕೀಲಿ ಕೊಟ್ರಾ? ಅಕ್ಕಾ, ಇದು ನಿಮ್ಮಕ್ಕನಿಗೆ. ಗೋಡೆ ಗಡಿಯಾರ. ಅಂಕಿ ಒಂದೊಂದೂ ಅಂಗೈಯಗಲ ಇದೆ, ಮಂಜುಗಣ್ಣಿಗೂ ಕಾಣುತ್ತಂತೆ” ಎಂದ.

ಉತ್ತರ ಕೊಟ್ಟವರು ಟೈಲರಮ್ಮ. “ಗಡಿಯಾರ ತರೋಕೆ ಹೋಗಿ ಹೊತ್ತು ಮೀರಿಸ್ಕೊಂಡು ಬಂದ್ಯಾ? ಇಪ್ಪತ್ತು ಜನ ಕಣೋ. ಇಪ್ಪತ್ತು. ನಿನ್ನದೊಂದು ಇದ್ದಿದ್ರೆ ಆಗ್ತಿತ್ತು.”

ಅವನು ಪೆಟ್ಟಿಗೆಯನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕುಳಿತುಬಿಟ್ಟ. ಎರಡು ವಾರದ ಬಳಿಕ ಅವನು ಕೊಟ್ಟ ಹೇಳಿಕೆ ಇದು: “ಹತ್ತೂಮುಕ್ಕಾಲಿಗೇ ಗಡಿಯಾರ ಕೈಲಿತ್ತು ಸಾರ್. ಗೇಟಿನ ತನಕ ಬಂದೆ. ಒಳಗೆ ತುಂಬಾ ಜನ ಕಂಡ್ರು. ನನ್ನದಿಲ್ದೆ ಹೋದ್ರೂ ಆಗೋದು ಆಗುತ್ತೆ, ನನ್ನ ಕೈಯಿಂದಾನೇ ಯಾಕೆ ಕಳಿಸ್ಬೇಕು ಅನ್ನಿಸ್ತು. ಮೂಲೆ ಅಂಗಡಿ ಹತ್ರ ನಿಂತ್ಕೊಂಡೆ. ಅವರು ಹೋಗ್ಲಿ ಅಂತಾನೇ ಇತ್ತು ಮನಸ್ಸಲ್ಲಿ, ದೇವರಾಣೆ. ಕಳಿಸೋನು ನಾನಾಗೋದು ಬೇಡ ಅಂತ ಇತ್ತು, ಅಷ್ಟೇ.” ಬಾರದ ಎಪ್ಪತ್ಮೂರು ಮಂದಿಯಲ್ಲಿ, ಜನವರಿಯಲ್ಲಿ ಮಾತಾಡಿಸಿದ್ದ ಮೂವರನ್ನೂ ಮತ್ತೆ ಕೇಳಿದೆ. ಪದಗಳು ಬೇರೆಯಾಗಿದ್ದವು, ಹುರುಳು ಇದೇ.

ಆ ಭಾನುವಾರ ಮೂರು ಗಂಟೆಗೆ ದೂರವಾಣಿ ರಿಂಗಣಿಸಿತು.

“ಎಷ್ಟು?” ಎಂದರು ಅಕ್ಕ.

“ಇಪ್ಪತ್ತು.”

“ನಿನ್ನ ಸೇರಿಸಿಯೋ, ಬಿಟ್ಟೋ?”

“ಬಿಟ್ಟು.”

“ಸರಿಯಾಗೇ ಎಣಿಸಿದೀಯ. ಕಲಿಸಿದೋಳು ನಾನೇ ಅಲ್ವಾ” ಎಂದರು ಅಕ್ಕ. ಆಮೇಲೆ, “ಬೆರಳಿಗೆ ಅಷ್ಟು ಜೋರಾಗಿ ಹೊಡೀಬಾರ್ದಿತ್ತು ನಿಂಗೆ.”

ಬೀಗದಕ್ಕ ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ನಲ್ಲಿಯ ಕೆಳಗಿನ ಬಕೆಟ್ಟು ತುಂಬಿದೆಯೆಂದು ಯಾರೋ ಕೂಗಿದರು. ಅವರು ಎದ್ದು ಹೋದರು.

ಮಂಗಳವಾರದ ರೈಲಿನ ಚೀಟಿಯನ್ನು ರದ್ದುಮಾಡಿಸಲಿಲ್ಲ. ಅದು ಹಾಜರಿ ಪುಸ್ತಕದ ಆ ಪುಟದಲ್ಲಿ ಗುರುತಿನ ಚೀಟಿಯಾಗಿ ಉಳಿದಿದೆ. ಗಡಿಯಾರವನ್ನು ಟೈಲರಮ್ಮ ಹತ್ತಿಯಲ್ಲಿ ಸುತ್ತಿ ಪಾರ್ಸೆಲ್ ಮಾಡಿದರು. ಏಪ್ರಿಲಿನಲ್ಲಿ ಅಕ್ಕನ ವರದಿ ಬಂತು: ಅಂಕಿಗಳು ಚೆನ್ನಾಗಿ ಕಾಣುತ್ತಿವೆ, ಹಾಸಿಗೆಯಿಂದಲೇ ನೋಡಿ ಫೋನು ಮಾಡುತ್ತಿದ್ದೇನೆ, ಕೊಟ್ಟವನಿಗೆ ಒಳ್ಳೆಯದಾಗಲಿ. ಮುಂದಿನ ಸಭೆ ಸೆಪ್ಟೆಂಬರ್ ಹದಿನಾಲ್ಕಕ್ಕೆಂದು ಫಲಕದ ಮೇಲೆ ಆಗಲೇ ಅಂಟಿಸಿದ್ದರು. ಕ್ಷೌರದಂಗಡಿಯವನು ತನ್ನ ಕನ್ನಡಿಯ ಮೇಲೂ ಆ ತಾರೀಖನ್ನು ಬರೆದುಕೊಂಡ. ಬಂದ ಪ್ರತಿ ತಲೆಗೂ ಅದನ್ನು ಓದಿ ಹೇಳುತ್ತಿದ್ದ. ಈ ಸಲ ಎಂಬತ್ತು ಜನ ಬರುತ್ತಾರೆಂದು ಲೈನ್‌ಮನ್ ತಾತ ಲೆಕ್ಕ ಹಾಕುತ್ತಿದ್ದರು. ಬೀಗದಕ್ಕ ಹಾಕುತ್ತಿರಲಿಲ್ಲ. ಮೇ ತಿಂಗಳಿನಿಂದ ಅವರು ಇನ್ನೊಂದನ್ನು ಎಣಿಸತೊಡಗಿದ್ದರು. ಮೂರರ ಕರೆ ಒಂದು ದಿನ ಮೂರೂ ಎರಡಕ್ಕೆ ಬಂತು, ಇನ್ನೊಂದು ದಿನ ಮೂರೂ ಒಂಬತ್ತಕ್ಕೆ. “ಗಡಿಯಾರದ ಸೆಲ್ಲು ಮುಗಿದಿರ್ಬೇಕು” ಎಂದರು ಅಕ್ಕ. ತಂಗಿ ಅದನ್ನು ನಂಬಿದಂತೆ ಮಾತಾಡಿದರು.

ಸಂಘದ ಮೇಜಿನ ಮೇಲೆ ದಿನಚರಿ ಪುಸ್ತಕವೊಂದಿದೆ. ನಲ್ಲಿ ರಿಪೇರಿ, ಬಂದವರು, ಹೋದವರು, ಮುರಿದ ಕುರ್ಚಿ, ಇವಷ್ಟೇ ಅದರಲ್ಲಿ ಇರುವುದು. ಇಪ್ಪತ್ತೆರಡು ವರ್ಷದ ಪುಟಗಳನ್ನು ತಿರುವಿ ನೋಡಿದ್ದೇನೆ, ಬೀಗದಕ್ಕ ತಮ್ಮ ಮನೆಯ ವಿಷಯವನ್ನು ಅದರಲ್ಲಿ ಎಲ್ಲೂ ಬರೆದಿಲ್ಲ, ಒಂದು ಸಾಲನ್ನು ಬಿಟ್ಟು. ಹದಿನಾಲ್ಕನೆಯ ಭೇಟಿಗೆ ಹೋದಾಗ ಅವರು ಆ ಪುಟವನ್ನು ತೆರೆದು ನನ್ನ ಕಡೆ ತಿರುಗಿಸಿಟ್ಟರು. ನಕಲು ಮಾಡಿಕೊಂಡೆ:

“19 ಜುಲೈ 2025, ಶನಿವಾರ. ಮಕ್ಕಳು 38. ಔಷಧಿ ಬೀರುವಿನ ಬೀಗಕ್ಕೆ ಎಣ್ಣೆ ಹಾಕಿದೆ. ಅಕ್ಕನ ಕರೆ ಮೂರಕ್ಕೆ ಬರಲಿಲ್ಲ. ನಾಲ್ಕೂ ಹತ್ತಕ್ಕೆ ಬಂತು. ಗಂಟೆ ಎಷ್ಟೆಂದು ನನ್ನನ್ನು ಕೇಳಿದಳು.”